ಕೂಡಿ ಕೇಳುವ ಪ್ರಶ್ನೆ: ಸುದ್ದಿ, ಕೃತಕ ಬುದ್ಧಿಮತ್ತೆ ಮತ್ತು ಊರಿನ ಚರ್ಚಾ ಬಳಗಗಳು



ಹಿರಿಯರೊಬ್ಬರ ಹೆಸರಿನಲ್ಲಿ ಊರಿನವರು ವರ್ಷಕ್ಕೊಮ್ಮೆ ಸೇರಿ ಒಂದು ವಿಷಯವನ್ನು ಕುರಿತು ಯೋಚಿಸಲಿ ಎಂಬ ಆಸೆಯಿಂದ ಹುಟ್ಟಿದ ದತ್ತಿ ಉಪನ್ಯಾಸ ಇದು. ಆ ಆಸೆಗೆ ಹತ್ತಿರವಾದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಜನ ಕೂಡಿ, ಆಗಿನ ಸುದ್ದಿಯನ್ನು ಓದಿ ಚರ್ಚಿಸುವ ಬಳಗಗಳು ನಮ್ಮಲ್ಲಿ ಹಿಂದೆ ಇದ್ದವು, ಈಗಲೂ ಅಲ್ಲಲ್ಲಿ ಇವೆ. ಇಂಥ ಬಳಗಗಳ ನಡುವೆ ಈಗ ಕೃತಕ ಬುದ್ಧಿಮತ್ತೆಯೂ ಬಂದು ಕೂತಿದೆ. ಅದರ ಜೊತೆ ಇವು ಹೇಗೆ ನಡೆದುಕೊಳ್ಳಬೇಕು ಎಂಬುದು ಇಂದಿನ ಮಾತು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕೃತಕ ಬುದ್ಧಿಮತ್ತೆಯ ಈ ಯಂತ್ರವನ್ನು ಒಬ್ಬೊಬ್ಬರೇ ಫೋನು ಹಿಡಿದು ಕಲಿಯುವುದು ಸಾಲದು. ಅದರ ಉತ್ತರವನ್ನು ಹತ್ತು ಜನರ ಎದುರು ಗಟ್ಟಿಯಾಗಿ ಓದಬೇಕು, ಬೇರೆ ಬೇರೆ ಬದುಕು ಕಂಡವರು ಅದನ್ನು ತಾಳೆ ನೋಡಬೇಕು. ಆಗ ಮಾತ್ರ ಅದು ನಮ್ಮ ಕೆಲಸಕ್ಕೆ ಒದಗುತ್ತದೆ. ಇದನ್ನು ವಿವರಿಸಲು ಮೊದಲು ಕಳೆದ ಶತಮಾನದ ಕೆಲವು ಪ್ರಯೋಗಗಳನ್ನು ನೆನಪಿಸುತ್ತೇನೆ. ಆಮೇಲೆ ಯಂತ್ರದ ಬಗ್ಗೆ ಸ್ವಲ್ಪ. ಅನಂತರ ಬಳಗ ನಡೆಸುವ ರೀತಿ. ನನ್ನ ಹೆಚ್ಚಿನ ಹೊತ್ತು ಅಲ್ಲೇ ಹೋಗುತ್ತದೆ. ಕಡೆಗೆ, ಈ ಚರ್ಚೆಯಲ್ಲಿ ಯಾರು ಕೂತಿದ್ದಾರೆ, ಯಾರು ಹೊರಗೆ ನಿಂತಿದ್ದಾರೆ ಎಂಬ ಪ್ರಶ್ನೆ.

ಚರ್ಚೆಯ ಪರಂಪರೆ ಎಂದೊಡನೆ ಹನ್ನೆರಡನೆಯ ಶತಮಾನದ ಅನುಭವ ಮಂಟಪವನ್ನು ನೆನೆಯುವುದು ವಾಡಿಕೆ. ಅದರ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಈ ಸಭೆಯಲ್ಲೇ ಇದ್ದಾರೆ. ನಾನು ಹತ್ತಿರದ ಕಾಲಕ್ಕೆ ಬರುತ್ತೇನೆ. 1945ರಲ್ಲಿ ಡಿ.ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಡಿವಿಜಿ ಆ ಹೊತ್ತಿಗೆ ಮೊದಲೇ ಪತ್ರಿಕೆ ನಡೆಸಿದವರು, 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಕರ್ತರ ಸಮ್ಮೇಳನದ ಅಧ್ಯಕ್ಷರಾಗಿದ್ದವರು, ‘ವೃತ್ತಪತ್ರಿಕೆ’ ಎಂಬ ಪುಸ್ತಕ ಬರೆದವರು. ಪತ್ರಿಕೆಯ ಶಕ್ತಿಯ ಜೊತೆಗೆ ಅದರ ಮಿತಿಯೂ ಅವರಿಗೆ ಗೊತ್ತಿತ್ತು. ಸುದ್ದಿ ಮನೆ ಬಾಗಿಲಿಗೆ ಬಂದ ಮಾತ್ರಕ್ಕೆ ಪ್ರಜೆ ತಯಾರಾಗುವುದಿಲ್ಲ. ಆ ಸುದ್ದಿಯನ್ನು ತೂಗಿ ನೋಡಲು ಒಂದು ಗ್ರಂಥಾಲಯ, ಒಂದು ಅಧ್ಯಯನ ಗೋಷ್ಠಿ, ಭಿನ್ನಾಭಿಪ್ರಾಯವನ್ನು ಕೇಳಿಸಿಕೊಳ್ಳುವ ಒಂದು ಜಾಗ ಬೇಕು ಎಂದು ಅವರು ಕಂಡುಕೊಂಡಿದ್ದರೆಂದೇ ನಾನು ತಿಳಿದಿದ್ದೇನೆ. ತಮಗೆ ಸನ್ಮಾನದಲ್ಲಿ ಬಂದ ಹಮ್ಮಿಣಿಯನ್ನೂ ಅವರು ಆ ಸಂಸ್ಥೆಗೇ ಕೊಟ್ಟರು.

ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ, 1962ರಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ವಾರ ವಾರ ಒಂದು ಉಪನ್ಯಾಸ, ವರ್ಷಕ್ಕೊಮ್ಮೆ ಜುಲೈ ತಿಂಗಳಲ್ಲಿ ವಿಜ್ಞಾನೋತ್ಸವ. ಪರಮಾಣುವಿನಿಂದ ಪಂಚಾಂಗದವರೆಗೆ ಯಾವುದನ್ನೂ ಪ್ರಶ್ನೆ ಕೇಳದೆ ಒಪ್ಪಬೇಡಿ ಎಂಬುದು ಎಚ್ಚೆನ್ ಅವರ ಇಡೀ ಜೀವನದ ಪಾಠ. ಇವೆರಡೂ ನಗರದ, ಓದಿದವರ ಸಂಸ್ಥೆಗಳು ನಿಜ. ಹಳ್ಳಿಯ ಕಡೆಗೆ ಹೋದ ಪ್ರಯತ್ನಗಳೂ ಇದ್ದವು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಕಗಳನ್ನು ಇಲ್ಲಿನ ಹಿರಿಯರು ಬಲ್ಲರು. 1940ರ ದಶಕದಲ್ಲಿ ಕೆಲಸ ಶುರುಮಾಡಿದ ಮೈಸೂರು ವಯಸ್ಕರ ಶಿಕ್ಷಣ ಸಮಿತಿ, ಆಗಷ್ಟೇ ಅಕ್ಷರ ಕಲಿತವರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆಯನ್ನು ಹೊರಡಿಸುತ್ತಿತ್ತು. ಅಕ್ಷರ ಕಲಿಸಿ ಕೈಬಿಡದೆ, ಕಲಿತ ಅಕ್ಷರದಿಂದ ಓದಲು ಸುದ್ದಿಯನ್ನೂ ಕೊಟ್ಟ ಆ ದೂರದೃಷ್ಟಿಗೆ ಇಂದಿಗೂ ಕೈಮುಗಿಯಬೇಕು.

ಆದರೆ ನಮ್ಮ ಇಂದಿನ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದ ಪ್ರಯೋಗ ನಡೆದದ್ದು ಪಕ್ಕದ ಮರಾಠಿ ನಾಡಿನಲ್ಲಿ, 1956ರಲ್ಲಿ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆಗ ಹೊಸ ಯಂತ್ರವೆಂದರೆ ರೇಡಿಯೊ. ಪುಣೆ ಆಕಾಶವಾಣಿ ಕೇಂದ್ರ, ಯುನೆಸ್ಕೋ ನೆರವಿನೊಂದಿಗೆ, ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೈತರ ಕೇಳುಗ ಕೂಟಗಳನ್ನು ಕಟ್ಟಿತು. ಮಾದರಿ ಬಂದದ್ದು ಕೆನಡಾದಿಂದ. ಅಲ್ಲಿ 1941ರಿಂದ ರೈತ ಕುಟುಂಬಗಳು ಚಳಿಗಾಲದ ಸಂಜೆ ನೆರೆಮನೆಯಲ್ಲಿ ಸೇರಿ ರೇಡಿಯೊ ಕೇಳಿ ಚರ್ಚಿಸುತ್ತಿದ್ದವು. ಓದು, ಕೇಳು, ಚರ್ಚಿಸು, ಕೆಲಸಕ್ಕಿಳಿ ಎಂಬುದು ಅವರ ಘೋಷವಾಕ್ಯ. ಪುಣೆಯ ಸುತ್ತಲಿನ ಪ್ರತಿ ಕೂಟದಲ್ಲಿ ಸುಮಾರು ಇಪ್ಪತ್ತು ಜನ, ಒಬ್ಬ ಅಧ್ಯಕ್ಷ, ಒಬ್ಬ ಸಂಚಾಲಕ. ವಾರಕ್ಕೆರಡು ಸಲ ಅರ್ಧ ಗಂಟೆಯ ಕಾರ್ಯಕ್ರಮ, ಒಟ್ಟು ಇಪ್ಪತ್ತು. ಕಾರ್ಯಕ್ರಮ ಮುಗಿದೊಡನೆ ಚರ್ಚೆ. ಚರ್ಚೆಯಲ್ಲಿ ಎದ್ದ ಪ್ರಶ್ನೆಗಳು ಆಕಾಶವಾಣಿಗೆ ಹೋಗುತ್ತಿದ್ದವು, ಉತ್ತರ ಮುಂದಿನ ಕಾರ್ಯಕ್ರಮದಲ್ಲಿ ಬರುತ್ತಿತ್ತು.

ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದರ ಮೌಲ್ಯಮಾಪನ ಮಾಡಿತು; ಸಮಾಜಶಾಸ್ತ್ರಜ್ಞ ಪಾಲ್ ನ್ಯೂರಾತ್ ಅದರ ನೇತೃತ್ವ ವಹಿಸಿದ್ದರು. ಅವರು ಮೂರು ಬಗೆಯ ಹಳ್ಳಿಗಳನ್ನು ಹೋಲಿಸಿದರು: ಕೂಟ ಇದ್ದ ಹಳ್ಳಿ, ಬರೀ ರೇಡಿಯೊ ಇದ್ದ ಹಳ್ಳಿ, ರೇಡಿಯೊ ಇಲ್ಲದ ಹಳ್ಳಿ. ತಿಳಿವಳಿಕೆ ಹೆಚ್ಚು ಬೆಳೆದದ್ದು ಕೂಟ ಇದ್ದ ಹಳ್ಳಿಗಳಲ್ಲಿ. ರೇಡಿಯೊ ಮಾತ್ರ ಇದ್ದ ಹಳ್ಳಿಗಳಲ್ಲಿ ಆದ ಬೆಳವಣಿಗೆ ತೀರ ಕಡಿಮೆ. ಎರಡೂ ಕಡೆ ಯಂತ್ರ ಅದೇ, ದನಿಯೂ ಅದೇ. ವ್ಯತ್ಯಾಸ ತಂದದ್ದು ಕೇಳಿದ ಮೇಲೆ ನಡೆದ ಮಾತುಕತೆ. ಈ ಯಶಸ್ಸನ್ನು ಕಂಡು 1959ರಿಂದ ಯೋಜನೆಯನ್ನು ದೇಶಕ್ಕೆಲ್ಲ ಹಬ್ಬಿಸಿದರು, ಸಾವಿರಾರು ಕೂಟಗಳು ಹುಟ್ಟಿದವು. ಸಂಖ್ಯೆ ಏರಿದಂತೆ ಮೊದಲಿನ ಆಸ್ಥೆ ಉಳಿಯಲಿಲ್ಲ. ಇಂಥ ಕೂಟ ಉಳಿಯುವುದು ಕೇಳಿದ ಪ್ರಶ್ನೆಗೆ ಉತ್ತರ ಬರುತ್ತಿರುವಷ್ಟು ಕಾಲ ಮಾತ್ರ. ಇದನ್ನು ಇವತ್ತು ಯೋಜನೆ ಮಾಡುವವರು ಮರೆಯಬಾರದು.

ಕರ್ನಾಟಕಕ್ಕೂ ಇಂಥ ಪ್ರಯೋಗಗಳು ಬಂದವು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ದೂರದರ್ಶನ ಪ್ರಯೋಗ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಒಯ್ದಿತು. ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳು ಅದರಲ್ಲಿದ್ದವು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಕೇಂದ್ರ ಶುರುವಾಯಿತು. ಸಮುದಾಯಗಳಿಗೆ ಬಾನುಲಿ ಪರವಾನಗಿ ಸಿಗದ ಕಾಲ ಅದು. ಹಾಗಾಗಿ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ದನಿ ಮುಟ್ಟಿಸಿದರು.

ಇನ್ನು ಎರಡನೆಯ ಮಾತಿಗೆ ಬರುತ್ತೇನೆ: ಈ ಹೊಸ ಯಂತ್ರ.

ಪುಣೆಯ ಹಳ್ಳಿಗಳಲ್ಲಿ ರೈತರು ರೇಡಿಯೊ ಸುತ್ತ ಕೂತ ಅದೇ ವರ್ಷ, 1956ರ ಬೇಸಿಗೆಯಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಲವು ಗಣಿತಜ್ಞರು, ಎಂಜಿನಿಯರುಗಳು ಸೇರಿದ್ದರು. ಜಾನ್ ಮೆಕಾರ್ಥಿ ಮತ್ತು ಅವರ ಸಂಗಡಿಗರು ಕರೆದ ಆ ಸಭೆಯಿಂದಲೇ ಕೃತಕ ಬುದ್ಧಿಮತ್ತೆ ಎಂಬ ಅಧ್ಯಯನ ಕ್ಷೇತ್ರಕ್ಕೆ ಅದರ ಹೆಸರು ನಿಂತಿತು. ಅಲ್ಲಿಂದ ಬಹಳ ಏರಿಳಿತ. 2017ರಲ್ಲಿ ಗೂಗಲ್‌ನ ಸಂಶೋಧಕರು ಟ್ರಾನ್ಸ್‌ಫಾರ್ಮರ್ ಎಂಬ ರಚನೆಯನ್ನು ಪ್ರಕಟಿಸಿದರು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂತು. ಈಗ ನಮ್ಮ ಮಕ್ಕಳು ಮನೆಪಾಠಕ್ಕೆ, ಅಂಗಡಿಯವರು ಜಾಹೀರಾತಿಗೆ, ಕಚೇರಿಯವರು ಪತ್ರಕ್ಕೆ ಇಂಥದ್ದನ್ನೇ ಬಳಸುತ್ತಿದ್ದಾರೆ.

ಇದರ ಒಳಗೆ ನಡೆಯುವುದೇನು? ಅಪಾರ ಪ್ರಮಾಣದ ಬರಹವನ್ನು ಕೊಟ್ಟು, ಇಲ್ಲಿಯವರೆಗೆ ಬಂದ ಮಾತಿನ ಮುಂದೆ ಯಾವ ತುಣುಕು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುವುದನ್ನು ಈ ಯಂತ್ರಕ್ಕೆ ಕಲಿಸಿರುತ್ತಾರೆ. ಆ ಲೆಕ್ಕ ಎಷ್ಟು ಸೂಕ್ಷ್ಮವಾಗಿದೆಯೆಂದರೆ ಅದು ಪ್ರಬಂಧ ಬರೆಯಬಲ್ಲದು, ಲೆಕ್ಕ ಬಿಡಿಸಬಲ್ಲದು, ಕಾನೂನಿನ ಕಷ್ಟದ ವಾಕ್ಯವನ್ನು ಸರಳ ಮಾಡಿ ಹೇಳಬಲ್ಲದು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಗೊತ್ತಿಲ್ಲದ ಕಡೆಯಲ್ಲೂ ಅದೇ ನಯದಿಂದ, ಅದೇ ಧೈರ್ಯದಿಂದ ಮಾತು ಮುಂದುವರಿಸಿಬಿಡುವುದು ಅದರ ಗುಣ. ಇಲ್ಲದ ಪುಸ್ತಕದ ಹೆಸರು, ನಡೆಯದ ಮೊಕದ್ದಮೆ, ಯಾರೂ ಆಡದ ಮಾತು ಹೀಗೆಯೇ ಹುಟ್ಟುತ್ತವೆ.

ಸುದ್ದಿಯ ವಿಷಯದಲ್ಲಂತೂ ಇನ್ನೊಂದು ತೊಡಕಿದೆ. ಯಂತ್ರಕ್ಕೆ ಕೊಟ್ಟ ಬರಹ ಒಂದು ದಿನಾಂಕಕ್ಕೆ ನಿಂತಿರುತ್ತದೆ. ಅದರಾಚೆಗಿನದನ್ನು ಅದು ಅಂತರಜಾಲದಲ್ಲಿ ಹುಡುಕಿ ತರಬೇಕು. ಹುಡುಕದಿದ್ದರೆ ಹಳೆಯದನ್ನೇ ಇವತ್ತಿನದೆಂಬಂತೆ ಹೇಳುತ್ತದೆ. ನಿನ್ನೆ ಸಂಜೆ ತಾಲ್ಲೂಕು ಕಚೇರಿಯ ಮುಂದೆ ನಡೆದ ಧರಣಿ, ಮೊನ್ನೆ ಹೊರಟ ಸುತ್ತೋಲೆ, ಈ ವಾರ ಮಾರುಕಟ್ಟೆಯಲ್ಲಿ ಕುಸಿದ ಈರುಳ್ಳಿ ದರ, ಇವೇ ಅದಕ್ಕೆ ತೀರ ಕಷ್ಟದ ವಿಷಯಗಳು. ನಮ್ಮ ಬಳಗಗಳು ಚರ್ಚಿಸುವುದಂತೂ ಇವನ್ನೇ. ಭಾಷೆಯ ಕೊರತೆಯೂ ಜೊತೆಗಿದೆ. ಯಂತ್ರ ಓದಿ ಬೆಳೆದ ಬರಹದಲ್ಲಿ ಇಂಗ್ಲಿಷಿನ ಪಾಲು ಬಲು ದೊಡ್ಡದು, ಕನ್ನಡದ ಪಾಲು ಬಹಳ ಸಣ್ಣದು. ಹಾಗಾಗಿ ಕನ್ನಡದಲ್ಲಿ ಕೇಳಿದಾಗ ವಾಕ್ಯ ಚೆಂದವಾಗಿ ಬಂದರೂ ವಿಷಯ ಸೊರಗಿರಬಹುದು. ವಾಕ್ಯ ಚೆನ್ನಾಗಿದೆಯೆಂದು ವಿಷಯವನ್ನು ನಂಬುವ ಅಪಾಯ ಹೆಚ್ಚಿರುವುದು ಅಲ್ಲೇ.

ಈಗ ಮೂರನೆಯ ಭಾಗ, ಬಳಗ ಮತ್ತು ಯಂತ್ರ ಎದುರುಬದುರಾಗುವ ಜಾಗ.

ಒಂಟಿಯಾಗಿರುವ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ನೋಡೋಣ. ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯನ್ನು ನೀವೆಲ್ಲ ಕೇಳಿದ್ದೀರಿ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೇ ಇದರ ಬಗ್ಗೆ ಎಚ್ಚರಿಸಿದರು, ಅಂದು ಕೇಳಿಸಿದ ವಂಚಕರ ಸಂಭಾಷಣೆ ನಮ್ಮ ವಿಜಯಪುರದಿಂದ ಬಂದದ್ದು. ಪೊಲೀಸ್ ವೇಷದವನು ವಿಡಿಯೊ ಕರೆ ಮಾಡುತ್ತಾನೆ. ಅವನ ಮೊದಲ ಆಜ್ಞೆ ಏನೆಂದು ಗಮನಿಸಿ: ಕೋಣೆಯ ಬಾಗಿಲು ಹಾಕಿ, ಯಾರಿಗೂ ಹೇಳಬೇಡಿ, ಕರೆ ಕಡಿಯಬೇಡಿ. ಇಡೀ ಮೋಸ ನಿಂತಿರುವುದು ಆ ಒಂಟಿತನದ ಮೇಲೆ. ಮೋಸ ಹೋದವರಲ್ಲಿ ವೈದ್ಯರಿದ್ದಾರೆ, ಎಂಜಿನಿಯರುಗಳಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ಓದಿನ ಕೊರತೆ ಇರಲಿಲ್ಲ. ಪಕ್ಕದ ಮನೆಯವರನ್ನು ಕರೆದು, ‘ಹಿಂಗಂತಾನೆ ನೋಡ್ರಿ, ಖರೇನ ಏನಿದು?’ ಎಂದು ಒಮ್ಮೆ ಕೇಳಿದ್ದರೆ ಬಹಳಷ್ಟು ಮನೆಗಳ ಹಣ ಉಳಿಯುತ್ತಿತ್ತು. ಸೈಬರ್ ವಂಚನೆಗೆ 1930 ಎಂಬ ಸಹಾಯವಾಣಿ ಇದೆ. ಇದು ಪ್ರತಿ ಗ್ರಂಥಾಲಯದ ಗೋಡೆಯ ಮೇಲಿರಬೇಕಾದ ಅಂಕಿ.

ಹಾಗೆಂದು, ಜನ ಒಟ್ಟಿಗಿದ್ದರೆ ಸಾಕು, ವಿವೇಕ ತಾನಾಗಿ ಬರುತ್ತದೆ ಎಂದು ನಾನು ಹೇಳಲಾರೆ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನಮ್ಮೆದುರಿಗಿದೆ. ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ವಾಟ್ಸ್ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಗುಂಪು ಅವರ ಮೇಲೆ ಬಿತ್ತು, ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಅಲ್ಲಿಯೂ ಜನ ಒಟ್ಟಿಗಿದ್ದರು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಕಂಪನಿ ಮಾಡಬಹುದಾದದ್ದು ಅಷ್ಟು. ಮುಂದಿನದು ನಮ್ಮ ಕೆಲಸ. ಇವತ್ತು ಅಂಥ ಸುಳ್ಳಿನ ಜೊತೆ ನಿಜವೆಂಬಂತೆ ಕಾಣುವ ವಿಡಿಯೊ, ಪರಿಚಿತರದ್ದೇ ಎನ್ನಿಸುವ ದನಿ ಸೇರಬಹುದು. 2023ರ ನವೆಂಬರ್‌ನಲ್ಲಿ ಬೇರೊಬ್ಬ ಮಹಿಳೆಯ ವಿಡಿಯೊಗೆ ನಮ್ಮ ನಾಡಿನ ಚಿತ್ರನಟಿಯೊಬ್ಬರ ಮುಖವನ್ನು ಅಂಟಿಸಿ ಹರಿಬಿಟ್ಟದ್ದನ್ನು ಇಡೀ ದೇಶ ನೋಡಿತು.

ಗುಂಪಿಗೂ ಬಳಗಕ್ಕೂ ಇರುವ ಅಂತರ ಎಲ್ಲಿದೆ? ಬಳಗಕ್ಕೆ ಗೊತ್ತಾದ ಹೊತ್ತು, ಗೊತ್ತಾದ ಜಾಗ ಇರುತ್ತದೆ. ಮಾತು ಯಾರದೆಂದು ನೋಡಿಕೊಳ್ಳುವ ಒಬ್ಬರಿರುತ್ತಾರೆ. ಬರೆದಿಡುವ ಪುಸ್ತಕ ಇರುತ್ತದೆ. ‘ಇದನ್ನ ಯಾರು ಹೇಳಿದ್ರು, ಅವರಿಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿದವರ ಬಾಯಿ ಮುಚ್ಚಿಸದ ರೂಢಿ ಇರುತ್ತದೆ. ಈ ರೂಢಿ ಶಾಂತಿಯ ದಿನಗಳಲ್ಲಿ, ಚಿಕ್ಕ ವಿಷಯಗಳ ಮೇಲೆ ಬೆಳೆಯಬೇಕು. ಊರಿಗೆ ಬೆಂಕಿ ಬಿದ್ದ ದಿನ ಅದನ್ನು ಕಲಿಸಲು ಆಗುವುದಿಲ್ಲ.

ಮಲೆನಾಡಿನ ಒಂದು ಪಂಚಾಯಿತಿಯ ಗ್ರಂಥಾಲಯದಲ್ಲಿ ನಾನು ಕಂಡ ಒಂದು ಸಂಜೆಯನ್ನು ಇಲ್ಲಿ ಹೇಳಬೇಕು. ಮಳೆಗಾಲ ಇನ್ನೇನು ಹಿಡಿಯುವುದಿತ್ತು. ಅಂದಿನ ಪತ್ರಿಕೆಯಲ್ಲಿ ಅಡಿಕೆಯ ಎಲೆಚುಕ್ಕಿ ರೋಗದ ವರದಿ ಬಂದಿತ್ತು. ಹತ್ತನೆಯ ತರಗತಿಯ ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಒಬ್ಬ ಯುವಕ ಫೋನು ತೆಗೆದು, ಅಡಿಕೆ ಮರಕ್ಕೆ ರೋಗ ಬಂದಿದೆ, ಏನು ಹೊಡೆಯಬೇಕು ಎಂದು ಕನ್ನಡದಲ್ಲೇ ಕೇಳಿದ. ಉತ್ತರ ಅಚ್ಚುಕಟ್ಟಾಗಿ ಬಂತು: ಶೇಕಡ ಒಂದರ ಬೋರ್ಡೋ ದ್ರಾವಣ, ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಅಳತೆ ಸರಿಯಾಗಿಯೇ ಇತ್ತು, ತಲೆಗಳು ಅಲ್ಲಾಡಿದವು. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತ್ರ ಕೇಳಿದರು: ‘ಅಲ್ಲ ಮಾರಾಯ್ರೆ, ಅದು ಹೇಳಿದ್ದು ಕೊಳೆರೋಗಕ್ಕಲ್ವಾ? ಪೇಪರಿನಲ್ಲಿ ಬಂದಿದ್ದು ಎಲೆಚುಕ್ಕಿ.’ ಪ್ರಶ್ನೆಯಲ್ಲಿ ರೋಗದ ಹೆಸರಿರಲಿಲ್ಲ, ಯಂತ್ರ ತಾನೇ ಕೊಳೆರೋಗ ಎಂದುಕೊಂಡಿತ್ತು. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ‘ಕತ್ತಿ ಅದ್ದಿ ನೋಡಿ ಅಂತ ಹೇಳ್ತಾ ಅದು?’ ಎಂದರು. ಹೇಳಿರಲಿಲ್ಲ. ದ್ರಾವಣ ಕಲಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ; ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಹಾಗೆಯೇ ಹೊಡೆದರೆ ಸೋಗೆ, ಹಿಂಗಾರ ಸುಡುತ್ತದೆ. ಅಡಿಕೆ ಬೆಳೆಯುವವರಿಗೆಲ್ಲ ಗೊತ್ತಿರುವ ಪರೀಕ್ಷೆ ಇದು.

ಹುಡುಗ ಬೇಸರಪಟ್ಟುಕೊಳ್ಳಲಿಲ್ಲ. ಎರಡು ರೋಗಗಳನ್ನು ಬೇರೆ ಬೇರೆ ಹೆಸರಿಸಿ ಮತ್ತೆ ಕೇಳಿದ. ಈ ಸಲದ ಉತ್ತರ ಎಷ್ಟೋ ವಾಸಿ. ಒಂದು ಶಿಲೀಂಧ್ರನಾಶಕದ ಹೆಸರು, ಪ್ರಮಾಣ ಎರಡನ್ನೂ ಕೊಟ್ಟಿತು. ಅದನ್ನು ಕೂಡಲೇ ಕೊಳ್ಳದೆ, ಕೃಷಿ ವಿಜ್ಞಾನ ಕೇಂದ್ರಕ್ಕೆ ಬೆಳಿಗ್ಗೆ ಫೋನು ಮಾಡಿ ಕೇಳುವುದೆಂದು ಬಳಗ ತೀರ್ಮಾನಿಸಿತು. ಗ್ರಂಥಪಾಲಕಿ ನಡಾವಳಿ ಪುಸ್ತಕದಲ್ಲಿ ಕೇಳಿದ ಪ್ರಶ್ನೆ, ಯಂತ್ರ ಕೊಟ್ಟ ಎರಡು ಉತ್ತರ, ಯಾರು ವಿಚಾರಿಸಬೇಕು ಎಂಬುದನ್ನು ಬರೆದುಕೊಂಡರು. ಕೂಟ ಮುಗಿಯಿತು.

ಇಲ್ಲಿ ಯಂತ್ರವನ್ನು ಯಾರೂ ಹೊರಹಾಕಲಿಲ್ಲ, ಪೂಜೆಯನ್ನೂ ಮಾಡಲಿಲ್ಲ. ಅದು ಕೊಟ್ಟ ಅಳತೆ ಉಪಯೋಗಕ್ಕೆ ಬಂತು. ಅದರ ತಪ್ಪು ಬಯಲಾದದ್ದು ತೋಟದಲ್ಲಿ ಬದುಕು ಸವೆಸಿದವರೊಬ್ಬರು ಅದೇ ಕೋಣೆಯಲ್ಲಿ ಇದ್ದುದರಿಂದ. ಪ್ರಶ್ನೆಯನ್ನು ಹೇಗೆ ಬಿಡಿಸಿ ಕೇಳಬೇಕೆಂಬುದನ್ನು ಹುಡುಗ ಕಲಿತ. ಕೇಳಿದರೆ ಯಂತ್ರ ತಿದ್ದಿಕೊಳ್ಳುತ್ತದೆ ಎಂಬುದನ್ನು ಹಿರಿಯರು ಕಂಡರು. ಆ ಯುವಕ ತನ್ನ ಕೋಣೆಯಲ್ಲಿ ಒಬ್ಬನೇ ಕೇಳಿದ್ದರೆ ಮೊದಲ ಉತ್ತರವೇ ಕೊನೆಯ ಉತ್ತರವಾಗುತ್ತಿತ್ತು. ಯಂತ್ರದ ಪ್ರತಿ ಉತ್ತರವನ್ನೂ ಹೀಗೆ ಕತ್ತಿ ಅದ್ದಿ ನೋಡುವವರು ಊರಿಗೊಬ್ಬರಾದರೂ ಇರಬೇಕು ಎಂಬುದು ನನ್ನ ಆಸೆ.

ಬಳಗ ನಡೆಸುವವರು ನನ್ನನ್ನು ಕೇಳುವುದುಂಟು, ಏನು ನಿಯಮ ಮಾಡಿಕೊಳ್ಳಬೇಕು ಎಂದು. ಹೆಚ್ಚೇನೂ ಬೇಡ. ಮೊದಲು ಮುದ್ರಿತ ವರದಿಯನ್ನು ಓದಿ, ಒಂದೇ ಪತ್ರಿಕೆಯಾದರೆ ಸಾಲದು, ಎರಡು ಇರಲಿ. ಜನ ತಮಗೆ ಗೊತ್ತಿರುವುದನ್ನು ಹೇಳಿದ ಮೇಲೆ ಯಂತ್ರವನ್ನು ಕೇಳಿ. ಮೊದಲೇ ಕೇಳಿದರೆ ಅಂಜುವವರು ಬಾಯಿ ಬಿಡುವುದಿಲ್ಲ. ಉತ್ತರದಲ್ಲಿ ಬಂದ ಹೆಸರು, ವರ್ಷ, ಅಂಕಿಗಳಲ್ಲಿ ಒಂದನ್ನಾದರೂ ಬೇರೆ ಕಡೆ ಪರೀಕ್ಷಿಸಿ. ಔಷಧಿ, ಕಾನೂನು, ಹಣ ಈ ಮೂರರಲ್ಲಿ ಯಂತ್ರದ ಮಾತನ್ನು ವಿಚಾರಣೆಯ ಆರಂಭವೆಂದಷ್ಟೇ ಎಣಿಸಿ. ಊರಿನ ಯಾರ ಆಧಾರ್ ಸಂಖ್ಯೆಯನ್ನೂ, ಕಾಯಿಲೆಯ ವಿವರವನ್ನೂ ಅದಕ್ಕೆ ಕೊಡಬೇಡಿ.

ಸುದ್ದಿಯ ಜೊತೆ ಯಂತ್ರವೇ ಸುದ್ದಿಯಾಗುವ ಸಂದರ್ಭಗಳೂ ಇವೆ. ಅವನ್ನು ಬಳಗ ಬಿಡಬಾರದು. ನೆರೆಯ ತೆಲಂಗಾಣದಲ್ಲಿ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನು ಜೋಡಿಸಿ, ಯಾರು ಸೌಲಭ್ಯಕ್ಕೆ ಅರ್ಹರು ಎಂದು ಸೂಚಿಸುತ್ತಿತ್ತು. ಕಾರೇ ಇಲ್ಲದ ಬಡ ಮನೆಗೆ ಕಾರಿದೆಯೆಂದು ಗುರುತು ಬಿದ್ದು ಪಡಿತರ ನಿಂತ ಪ್ರಕರಣ ಪತ್ರಿಕೆಗಳಲ್ಲಿ ಬಂತು. ಅಲ್ಲಿ 2016ರಿಂದ ರದ್ದಾಗಿದ್ದ ಸುಮಾರು 19 ಲಕ್ಷ ಪಡಿತರ ಚೀಟಿಗಳನ್ನು ಮತ್ತೆ ಸ್ಥಳದಲ್ಲೇ ಪರಿಶೀಲಿಸುವಂತೆ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ಕಂಪ್ಯೂಟರ್‌ನಲ್ಲಿ ಹಂಗೇ ಬಂದಿದೆ’ ಎಂಬ ಒಂದು ಮಾತಿನ ಮುಂದೆ ಒಬ್ಬ ಬಡ ಹೆಂಗಸು ಎಷ್ಟು ಸಲ ಕಚೇರಿ ಅಲೆಯಬಲ್ಲಳು? ಅವಳ ಪಕ್ಕದಲ್ಲಿ ಹತ್ತು ಜನ ಇದ್ದರೆ, ಯಾವ ದಾಖಲೆಯಿಂದ ಬಂತು, ಯಾರು ಪರಿಶೀಲಿಸಿದರು ಎಂದು ಮಾಹಿತಿ ಹಕ್ಕಿನಡಿ ಲಿಖಿತವಾಗಿ ಕೇಳಬಹುದು.

ಇದು ನನ್ನನ್ನು ನಾಲ್ಕನೆಯ ಮಾತಿಗೆ ತರುತ್ತದೆ: ಬಳಗದಲ್ಲಿ ಕೂತವರು ಯಾರು?

ಸಂಜೆ ಆರಕ್ಕೆ ಕೂಟ ಇಟ್ಟರೆ ಹೆಂಗಸರು ಬರುವುದಿಲ್ಲ. ಅದು ಅವರಿಗೆ ಒಲೆ ಹಚ್ಚುವ, ಹಾಲು ಕರೆಯುವ ಹೊತ್ತು. ಗ್ರಂಥಾಲಯ ಯಾವ ಕೇರಿಯಲ್ಲಿದೆ ಎಂಬುದರ ಮೇಲೆ ಯಾರು ಒಳಗೆ ಬಂದು ಬೆಂಚಿನ ಮೇಲೆ ಕೂರುತ್ತಾರೆ, ಯಾರು ಬಾಗಿಲಲ್ಲೇ ನಿಂತು ಪತ್ರಿಕೆ ನೋಡಿ ಹೋಗುತ್ತಾರೆ ಎಂಬುದು ನಿರ್ಧಾರವಾಗುವ ಊರುಗಳು ಇನ್ನೂ ಇವೆ. ಇದನ್ನು ಕಾಣದಂತೆ ನಟಿಸಿದರೆ ಬಳಗ ಕೆಲವೇ ಮನೆಗಳ ಸ್ವತ್ತಾಗುತ್ತದೆ. ಇಲ್ಲಿ ನಮಗೆ ದಾರಿ ತೋರಬಲ್ಲದ್ದು 1989ರಲ್ಲಿ ಬೀದರ್, ವಿಜಯಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾದ ಮಹಿಳಾ ಸಮಾಖ್ಯಾ. ಆ ಸಂಘಗಳಲ್ಲಿ ಬಹುಪಾಲು ದಲಿತ, ಕೂಲಿಕಾರ ಹೆಣ್ಣುಮಕ್ಕಳು ವೃತ್ತಾಕಾರವಾಗಿ ಕೂರುತ್ತಿದ್ದರು. ಸಹಯೋಗಿನಿ ಪಾಠ ಹೇಳಲು ಬರುತ್ತಿರಲಿಲ್ಲ, ಪ್ರಶ್ನೆ ಎತ್ತಲು ಬರುತ್ತಿದ್ದಳು. ಕುಡಿಯುವ ನೀರಿನಿಂದ ಹಿಡಿದು ದೇವದಾಸಿ ಪದ್ಧತಿಯವರೆಗೆ ಮಾತು ಹೋಗುತ್ತಿತ್ತು. ಈಗಿನ ಸ್ತ್ರೀಶಕ್ತಿ ಗುಂಪುಗಳು ವಾರದ ಉಳಿತಾಯ ಕಟ್ಟಲು ಹೇಗೂ ಸೇರುತ್ತವೆ. ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಸುದ್ದಿ ಓದಲು ಹೊಸ ಸಮಿತಿಯೇನೂ ಬೇಕಿಲ್ಲ.

ಇನ್ನೊಂದು ಸಂಗತಿ. ನಮ್ಮ ಹಳ್ಳಿಯ ಜನ ಈ ಯಂತ್ರದ ಬಳಕೆದಾರರು ಮಾತ್ರ ಎಂದು ನಾವು ಎಣಿಸುತ್ತೇವೆ. ಅದನ್ನು ಕಟ್ಟುವವರಲ್ಲೂ ಅವರಿದ್ದಾರೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಹೆಣ್ಣುಮಕ್ಕಳಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಗಂಟೆಗೆ ಸುಮಾರು ಐದು ಡಾಲರ್ ಲೆಕ್ಕದಲ್ಲಿ ಕೂಲಿ ಕೊಟ್ಟದ್ದು 2023ರಲ್ಲಿ ಜಗತ್ತಿನ ಗಮನ ಸೆಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಗಳ ಮಾತನ್ನು ಸಂಗ್ರಹಿಸುತ್ತಿದೆ. ಯಂತ್ರ ನಾಳೆ ಕನ್ನಡ ಕೇಳಿಸಿಕೊಂಡರೆ ಅದರ ಹಿಂದೆ ಯಾವುದೋ ಮನೆಯ ಕಟ್ಟೆಯ ಮೇಲೆ ಕೂತು ವಾಕ್ಯ ಓದಿದ ಒಬ್ಬಾಕೆಯ ದನಿ ಇರುತ್ತದೆ. ತನ್ನ ದನಿ ಎಲ್ಲಿಗೆ ಹೋಯಿತು, ಯಾರಿಗೆ ಲಾಭವಾಯಿತು ಎಂದು ಕೇಳುವ ಹಕ್ಕು ಆಕೆಗಿದೆ. ಆ ಪ್ರಶ್ನೆಗೆ ಒಂದು ವೇದಿಕೆ ಒದಗಿಸುವುದೂ ಬಳಗದ ಕೆಲಸ.

ತಾಂತ್ರಿಕ ವಿಷಯ ಸಾಮಾನ್ಯರಿಗೆ ತಿಳಿಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸ್ವೀಡನ್ನಿನಲ್ಲಿ 1902ರಲ್ಲಿ ಪಾನನಿರೋಧ ಚಳವಳಿಯ ಆಸ್ಕರ್ ಓಲ್ಸನ್ ಶುರುಮಾಡಿದ ಅಧ್ಯಯನ ವೃತ್ತಗಳು ಎಷ್ಟು ಬೆಳೆದವೆಂದರೆ, 1970ರ ದಶಕದಲ್ಲಿ ಅಣುಶಕ್ತಿಯಂಥ ಕಠಿಣ ವಿಷಯವನ್ನೇ ಸರ್ಕಾರ ಅವುಗಳ ಮುಂದಿಟ್ಟಿತು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯ 2018ರಲ್ಲಿ ಕೃತಕ ಬುದ್ಧಿಮತ್ತೆಯ ಮೂಲಪಾಠವನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. ದೇಶದ ಜನಸಂಖ್ಯೆಯ ಶೇಕಡ ಒಂದರಷ್ಟು ಜನಕ್ಕೆ ಅದನ್ನು ಮುಟ್ಟಿಸುವುದು ಮೊದಲ ಗುರಿಯಾಗಿತ್ತು. ನಮ್ಮ ಕೇಂದ್ರ ಸಚಿವ ಸಂಪುಟ 2024ರ ಮಾರ್ಚ್‌ನಲ್ಲಿ ಇಂಡಿಯಾ ಎಐ ಮಿಷನ್‌ಗೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚವನ್ನು ಒಪ್ಪಿತು. ಇಷ್ಟು ದೊಡ್ಡ ಸಾರ್ವಜನಿಕ ಹಣದ ವಿನಿಯೋಗ ಎಂಜಿನಿಯರುಗಳ ನಡುವಿನ ಮಾತಾಗಿ ಮುಗಿಯಬಾರದು.

ಜಾಗಕ್ಕೆ ನಮಗೆ ಕೊರತೆಯಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ವಸೂಲು ಮಾಡಲು ಅವಕಾಶ ಕೊಟ್ಟಿತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಐದು ಸಾವಿರಕ್ಕೂ ಹೆಚ್ಚಿನ ಆ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳು. ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಎಷ್ಟೋ ಕಡೆ ಕಂಪ್ಯೂಟರ್, ಇಂಟರ್ನೆಟ್ ಎರಡೂ ಬಂದಿವೆ. ಅಲ್ಲಿ ಕಡಿಮೆ ಇರುವುದು ಮೇಲ್ವಿಚಾರಕರ ಕೈಗೆ ಬರುವ ಸಂಬಳ ಮತ್ತು ಚರ್ಚೆ ನಡೆಸುವ ತರಬೇತಿ.

ಈ ಸಂಸ್ಥೆಯ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ದತ್ತಿಯ ಮುಂದಿನ ವರ್ಷದ ಬಡ್ಡಿಯಲ್ಲಿ ಒಂದು ಪಾಲನ್ನು ಈ ತಾಲ್ಲೂಕಿನ ಕೆಲವು ಅರಿವು ಕೇಂದ್ರಗಳ ಬಳಗಗಳಿಗೆ ಕೊಡಿ: ಎರಡು ಪತ್ರಿಕೆಗಳ ಚಂದಾ, ಒಂದು ನಡಾವಳಿ ಪುಸ್ತಕ, ಸಂಚಾಲಕರ ಹೋಗಿಬರುವ ಖರ್ಚು. ಬಳಗಗಳು ಬಗೆಹರಿಸಲಾಗದ ಪ್ರಶ್ನೆಗಳು ಪ್ರತಿ ತಿಂಗಳು ಇಲ್ಲಿಗೆ ಬರಲಿ. ಈ ಸಂಸ್ಥೆಯ ಕೃಷಿ, ಕಾನೂನು, ಗಣಕ ವಿಜ್ಞಾನದ ಅಧ್ಯಾಪಕರು ಅವಕ್ಕೆ ಕನ್ನಡದಲ್ಲಿ, ಹದಿನೈದು ದಿನದೊಳಗೆ ಉತ್ತರ ಬರೆಯುವ ಹೊಣೆ ಹೊರಲಿ. ಮುಂದಿನ ವರ್ಷದ ದತ್ತಿ ಉಪನ್ಯಾಸದ ದಿನ ನನ್ನಂಥ ಒಬ್ಬರ ಬದಲು ಆ ಸಂಚಾಲಕರನ್ನೇ ಈ ವೇದಿಕೆಗೆ ಕರೆದು, ನಡಾವಳಿ ಪುಸ್ತಕಗಳಿಂದ ಓದಿಸಿ. ಕೇಳಲು ನಾನು ಬರುತ್ತೇನೆ.